ಚಳಿ ಯಾರಿಗೆ, ಕಂಬಳಿ ಯಾರಿಗೆ?

ಧನುರ್ಮಾಸದ ಒಂದು ಬೆಳಗ್ಗೆ, ಬೆಂಗಳೂರಿನ ಹೊರವಲಯದಲ್ಲಿ ಮಕ್ಕಳಿಗೆ ಸವಾರಿ ಕಲಿಸುವ ಶಾಲೆಯೊಂದರ ಲಾಯಕ್ಕೆ ಮಿತ್ರರ ಜೊತೆಯಲ್ಲಿ ಹೋಗಬೇಕಾಗಿ ಬಂದಾಗ, ಅಲ್ಲಿ ಕಟ್ಟಿದ್ದ ಏಳೆಂಟು ಕುದುರೆಗಳಲ್ಲಿ ಒಂದು ಮಾತ್ರ ಕತ್ತಿನಿಂದ ಬಾಲದವರೆಗೆ ದಪ್ಪನೆಯ ನೀಲಿ ರಜಾಯಿಯನ್ನು ಹೊದ್ದು, ಎದೆಯ ಮೇಲೆ ಎರಡು ಬಕಲು, ಹೊಟ್ಟೆಯ ಕೆಳಗೆ ಎರಡು ಪಟ್ಟಿ, ಹಿಂಗಾಲುಗಳ ನಡುವೆ ಮತ್ತೆರಡು ಪಟ್ಟಿ, ಇಷ್ಟನ್ನೂ ಬಿಗಿಸಿಕೊಂಡು, ಉಣ್ಣೆಯ ಸೂಟು ತೊಟ್ಟು ಹೋಮಕುಂಡದ ಮುಂದೆ ಕುಳಿತ ಮದುವಣಿಗನಂತೆ ನಿಂತಿತ್ತು. ಹತ್ತಿರ ಸರಿದು, ಅದರ ಕತ್ತು ಬೆನ್ನನ್ನು ಕೂಡುವೆಡೆಯಲ್ಲಿ ಹೊದಿಕೆಯ ಅಂಚನ್ನೆತ್ತಿ ಅಂಗೈಯನ್ನು ಒಳಕ್ಕೆ ತೂರಿಸಿದೆ. ಹೊರಗೆ ತೆಗೆದಾಗ ಬೆರಳುಗಳೆಲ್ಲ ಒದ್ದೆ, ಹುಳಿತ ಬೆವರಿನ ವಾಸನೆ ಮೂಗಿಗೆ ಅಡರಿತು. ಬಾಗಿಲ ಬಳಿ ಬಕೆಟ್ಟು ತೊಳೆಯುತ್ತಿದ್ದ ಮುದಿ ಸಯಿಸರನ್ನು, "ಏನು ಸಾಬರೆ, ಇದೊಂದಕ್ಕೆ ಮಾತ್ರ ಏನು ಇಷ್ಟು ಉಪಚಾರ?" ಎಂದು ಕೇಳಿದೆ. "ಯಜಮಾನ್ರು ಫಾರಿನ್ನಿಂದ ತರಿಸಿದಾರೆ ಸ್ವಾಮಿ. ಬೆಳಿಗ್ಗೆ ವಾಕಿಂಗ್ ಹೋದಾಗ ಅವರಿಗೆ ಚಳಿ ಆಯ್ತಂತೆ, ಕುದುರೆಗೆ ಹೊದಿಸಿ ಅಂತ ಫೋನ್ ಮಾಡಿದ್ರು," ಎಂದರು, ಸ್ವಲ್ಪ ತಡೆದು, "ತೆಗೆದ್ರೆ ಬಯ್ತಾರೆ," ಎಂದೂ ಸೇರಿಸಿದರು.

ಕುದುರೆಯನ್ನು ಸಾಕುವುದು ಅರಮನೆಗೂ ಸೈನ್ಯಕ್ಕೂ ಪಂದ್ಯದ ಮೈದಾನಕ್ಕೂ ಜಟಕಾದವರಿಗೂ ಮೀಸಲಾಗಿದ್ದ ಕಾಲ ಕಳೆದು, ನಮ್ಮ ನಗರಗಳ ಅನುಕೂಲಸ್ಥ ಗೃಹಸ್ಥರು ಮಕ್ಕಳ ಸಂತೋಷಕ್ಕೆಂದು ಒಂದು ಕುದುರೆಯನ್ನು ಕೊಂಡು ಯಾವುದಾದರೊಂದು ಲಾಯದಲ್ಲಿ ತಿಂಗಳ ಲೆಕ್ಕಕ್ಕೆ ಇರಿಸುವ ರೂಢಿ ಈಚೆಗೆ ಕಾಣಬರುತ್ತಿದೆ. ಪ್ರಾಣಿಪ್ರೀತಿಯ ದೃಷ್ಟಿಯಿಂದ ಇದು ಸಂತೋಷದ ಸಂಗತಿಯೇ ಸರಿ. ಆದರೆ ಕುದುರೆಯ ಹಿಂದೆಯೇ ಕುದುರೆ ಸಾಮಾನಿನ ಅಂಗಡಿಯೂ ಬರುತ್ತದೆ. ಅಂಗಡಿಯ ಹಿಂದೆ, ಇಂಗ್ಲೆಂಡಿನ ಚಳಿಗಾಲವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಲಿದ ಹೊದಿಕೆಗಳ ಬಣ್ಣಬಣ್ಣದ ಚಿತ್ರಪಟ್ಟಿಯೂ ಬರುತ್ತದೆ. ಅದನ್ನು ನೋಡುತ್ತ ಕುಳಿತ ಒಡೆಯನು ತನ್ನ ಮೈಯ ನಡುಕವನ್ನೇ ಮಾನದಂಡವಾಗಿಟ್ಟುಕೊಂಡು ಕುದುರೆಯ ಮೈಯನ್ನು ಅಳೆಯತೊಡಗುತ್ತಾನೆ. ಹೊದಿಕೆಯನ್ನು ಆರಿಸತಕ್ಕದ್ದು ಕುದುರೆಯ ಚರ್ಮವನ್ನು ಕೇಳಿಯೇ ಹೊರತು ಒಡೆಯನ ಚರ್ಮವನ್ನು ಕೇಳಿ ಅಲ್ಲ ಎಂಬುದಷ್ಟೇ ನನ್ನ ವಾದ. ಹಾಗೆ ಕೇಳಿದ ಪಕ್ಷದಲ್ಲಿ ನಮ್ಮ ಸೀಮೆಯ ಲಾಯದ ಕುದುರೆಗಳಿಂದ ಬಹುಪಾಲು ಸಲ ಬರುವ ಉತ್ತರ "ಬೇಡ" ಎಂಬುದು. ಎಲ್ಲಿಂದ "ಬೇಕು" ಎಂಬ ಉತ್ತರ ಬಂದೀತೋ ಅಲ್ಲಿಗೆ ಹೋಗಿ ಕೇಳುವವರಿಲ್ಲ.

ಕುದುರೆಗೆ ಬಟ್ಟೆ ಹೊದಿಸುವುದು ನಮಗೆ ಹೊಸತೇನೂ ಅಲ್ಲ. ಜೂಲು ಎಂಬ ಮಾತು ನಮ್ಮ ಲಾಯಗಳಲ್ಲಿ ಇಂದಿಗೂ ಉಂಟು. ಗವಸಣಿಗೆ ಎಂಬ ಹಳೆಯ ಮಾತು ನಿಘಂಟಿನಲ್ಲಿಯಾದರೂ ಉಳಿದಿದೆ. ದಸರೆಯಲ್ಲಿ ಪಟ್ಟದ ಕುದುರೆ ಜರತಾರಿಯ ಬಟ್ಟೆ ಹೊದ್ದು ನಡೆಯುವುದನ್ನು ಕಂಡು ಕೈಮುಗಿದ ಜನ ನಾವು. ಆದರೆ ಅದು ಅಲಂಕಾರ. ಆಶ್ವೀಜದ ಬಿಸಿಲಿನಲ್ಲಿ ಆ ಭಾರವನ್ನು ಹೊರುವುದು ಪ್ರಾಣಿಯು ನಮಗೆ ಮಾಡುವ ಸೇವೆಯೇ ಹೊರತು ನಾವು ಪ್ರಾಣಿಗೆ ಮಾಡುವ ಸೇವೆಯಲ್ಲ. ನೀಲಿ ರಜಾಯಿಯೂ ಬಹುಮಟ್ಟಿಗೆ ಇದೇ ಜಾತಿಗೆ ಸೇರಿದ್ದೆಂದು ನನಗೆ ಅನುಮಾನ, ಜರತಾರಿಯ ಜಾಗದಲ್ಲಿ ಕಂಪನಿಯ ಹೆಸರಿನ ಕಸೂತಿ ಬಂದಿದೆ ಎನ್ನುವುದನ್ನು ಬಿಟ್ಟರೆ.

ಪ್ರಕೃತಿಯೇ ಕುದುರೆಗೆ ಕೊಟ್ಟಿರುವ ಹೊದಿಕೆಯ ಗುಣವನ್ನು ಮೊದಲು ಅರಿತುಕೊಳ್ಳಬೇಕು. ಅದರ ರೋಮರೋಮದ ಬುಡದಲ್ಲಿಯೂ ಸೂಕ್ಷ್ಮವಾದೊಂದು ಸ್ನಾಯುವಿದ್ದು, ಚಳಿ ತಾಗಿದೊಡನೆ ಅದು ಸಂಕೋಚಗೊಂಡು ರೋಮವನ್ನು ನಿಲ್ಲಿಸುತ್ತದೆ. ನಿಂತ ರೋಮಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅಲುಗದೆ ನಿಂತ ಆ ಗಾಳಿಯ ಪದರವೇ ನಿಜವಾದ ಕಂಬಳಿ. ಚಳಿಗಾಲದ ದಟ್ಟರೋಮವು ಬೆಳೆಯುವುದು ಚಳಿಯನ್ನು ಕಂಡು ಎಂದು ನಾವು ಊಹಿಸುತ್ತೇವಾದರೂ, ಮುಖ್ಯವಾಗಿ ಅದು ಹಗಲಿನ ಅಳತೆ ಕುಗ್ಗುವುದನ್ನು ಕಣ್ಣಿನ ಮೂಲಕ ತಿಳಿದು ಬೆಳೆಯತಕ್ಕದ್ದು. ಲಂಡನ್ನಿನಲ್ಲಿ ವರ್ಷದ ದೀರ್ಘತಮ ಹಗಲಿಗೂ ಹ್ರಸ್ವತಮ ಹಗಲಿಗೂ ಒಂಬತ್ತು ಗಂಟೆಗೆ ಸಮೀಪವಾದ ಅಂತರವಿದ್ದರೆ, 13ನೆಯ ಅಕ್ಷಾಂಶದ ಬೆಂಗಳೂರಿನಲ್ಲಿ ಅದು ಒಂದೂವರೆ ಗಂಟೆಯಷ್ಟು ಮಾತ್ರ. ಆದಕಾರಣ ನಮ್ಮ ಕುದುರೆಯ ಮೈಗೂದಲು ಆ ಸೀಮೆಯದರಷ್ಟು ದಟ್ಟವಾಗಲಾರದು. ಇದನ್ನೇ ಹಿಡಿದುಕೊಂಡು, "ನಮ್ಮ ಕುದುರೆಗೆ ತುಪ್ಪಟವಿಲ್ಲ, ಆದ್ದರಿಂದ ರಜಾಯಿ ಬೇಕು" ಎಂದು ವಾದಿಸುವವರೂ ಇದ್ದಾರೆ. ತುಪ್ಪಟವಿಲ್ಲವೆಂಬುದು ದಿಟ, ಆದರೆ ಆ ತುಪ್ಪಟವನ್ನು ಬೇಡುವಂತಹ ಚಳಿ ಇಲ್ಲಿ ಎಲ್ಲಿದೆ?

ಬಟ್ಟೆಯಿಲ್ಲದೆ ಸುಮ್ಮನೆ ಕುಳಿತ ಮನುಷ್ಯನು ತನ್ನ ಮೈಯ ಕಾವನ್ನು ಕಾಪಾಡಿಕೊಳ್ಳಲು ಹೆಚ್ಚಿನ ಶ್ರಮಪಡದೆ ಇರಬೇಕಾದರೆ ಸುತ್ತಲಿನ ಉಷ್ಣತೆ ಸುಮಾರು 28 ಡಿಗ್ರಿಯಷ್ಟಾದರೂ ಇರಬೇಕು. ಸೌಮ್ಯವಾದ ಹವೆಗೆ ಒಗ್ಗಿದ ಬೆಳೆದ ಕುದುರೆಗಾದರೋ, ಮೈ ಒಣಗಿದ್ದು ಹೊಟ್ಟೆ ತುಂಬಿದ್ದರೆ, ಆ ಮಿತಿ ಸುಮಾರು 5 ಡಿಗ್ರಿ. ಕೆನಡಾದಂತಹ ಶೀತದೇಶದಲ್ಲಿ ಚಳಿಗಾಲಕ್ಕೆ ಒಗ್ಗಿದ ಕುದುರೆಗೆ ಅದು ಸೊನ್ನೆಗಿಂತ 15 ಡಿಗ್ರಿ ಕೆಳಗಿನವರೆಗೂ ಇಳಿಯಬಲ್ಲದೆಂದು ಅಳೆದವರಿದ್ದಾರೆ. ಸೈಬೀರಿಯದ ಯಾಕುಟಿಯಾ ಪ್ರಾಂತದ ಗಿಡ್ಡಕುದುರೆಗಳು ಹಿಮವನ್ನು ಗೊರಸಿನಿಂದ ಕೆದಕಿ ಹುಲ್ಲು ಹುಡುಕುತ್ತ, ಉಷ್ಣತೆ ಸೊನ್ನೆಗಿಂತ 50 ಡಿಗ್ರಿ ಕೆಳಗಿಳಿಯುವ ಚಳಿಗಾಲವನ್ನು ಬಯಲಿನಲ್ಲಿಯೇ ಕಳೆಯುತ್ತವೆ; ಆ ಮಾತು ಬೇಡ, ನಮ್ಮ ಊರಿನ ಲೆಕ್ಕವನ್ನೇ ನೋಡೋಣ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದು 1884ನೆಯ ಇಸವಿ ಜನವರಿ 13ರ ಮಾತು. ಎಂದರೆ, ನಮ್ಮ ಮುತ್ತಜ್ಜಂದಿರು ಹಲ್ಲು ಕಟಕಟಿಸಿದ ಆ ರಾತ್ರಿಯಲ್ಲಿಯೂ, ನಾಲ್ಕು ಗೋಡೆಯ ಲಾಯದೊಳಗೆ ಹುಲ್ಲು ಮೆಲ್ಲುತ್ತ ನಿಂತ ಆರೋಗ್ಯವಂತ ಕುದುರೆಗೆ ರಜಾಯಿಯ ಅವಶ್ಯಕತೆ ಇರಲಿಲ್ಲ! ಈಚಿನ ವರ್ಷಗಳ ಜನವರಿಯಲ್ಲಿ ಹದಿನೈದು ಡಿಗ್ರಿಯ ಮುಂಜಾವಿಗೆ ಮಫ್ಲರು ಸುತ್ತಿಕೊಳ್ಳುವ ನಾವು ನಮ್ಮ ಕುದುರೆಯ ಮುಂದೆ ನಿಂತು ಚಳಿಯ ಮಾತಾಡಲು ಅರ್ಹರಲ್ಲ.

ಅದಲ್ಲದೆ, ಕುದುರೆಯ ಹೊಟ್ಟೆಯೊಳಗೆ ಒಂದು ಒಲೆಯೂ ಉಂಟು. ತಿಂದ ಹುಲ್ಲು ಅದರ ಹಿಂಗರುಳಿನ ದೊಡ್ಡ ಚೀಲಗಳಲ್ಲಿ ಹುದುಗುಬಂದು ಜೀರ್ಣವಾಗುವಾಗ ಹುಟ್ಟುವ ಕಾವು, ಗಂಟೆಗಟ್ಟಲೆ ನಂದದೆ, ಒಳಗಿನಿಂದಲೇ ಮೈಯನ್ನು ಬೆಚ್ಚಗಿಡುತ್ತದೆ. ಹಾಗಾಗಿ ನಿಜವಾಗಿಯೂ ಥಂಡಿಯಾದ ರಾತ್ರಿ ಬಂದರೆ ಬುದ್ಧಿವಂತನು ಮೊದಲು ಮಾಡತಕ್ಕ ಕೆಲಸವೆಂದರೆ ಇನ್ನೊಂದು ಕಟ್ಟು ಒಣಹುಲ್ಲನ್ನು ಮುಂದೆ ಹಾಕುವುದು. 450 ಕಿಲೋ ತೂಗುವ ಕುದುರೆ ದಿನಕ್ಕೆ ಎಂಟೊಂಬತ್ತು ಕಿಲೋ ಒಣಮೇವನ್ನು ಸಹಜವಾಗಿಯೇ ತಿನ್ನುತ್ತದೆ. ಚಳಿ ಹೆಚ್ಚಿದಾಗ ಅದಕ್ಕೆ ಮತ್ತಷ್ಟು ಕೊಟ್ಟರಾಯಿತು. ಬೇಯಿಸಿದ ಹುರುಳಿಯೂ ಕುದುರೆಮಸಾಲೆ ಸೊಪ್ಪೂ ತಮ್ಮ ತಮ್ಮ ಜಾಗದಲ್ಲಿ ಒಳ್ಳೆಯವೇ, ಆದರೆ ಒಲೆಯನ್ನು ಇಡೀ ರಾತ್ರಿ ಉರಿಸುವ ಸೌದೆ ನಾರು ತುಂಬಿದ ಹುಲ್ಲೇ. ಕೌಟಿಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳುತ್ತ ಲಾಯದ ರಚನೆಯನ್ನೂ ಮೇವಿನ ಪ್ರಮಾಣವನ್ನೂ ಅಷ್ಟು ವಿಸ್ತಾರವಾಗಿ ಗೊತ್ತುಮಾಡಿದ್ದು ಸುಮ್ಮನೆ ಅಲ್ಲ. ಮಾಡು ಮತ್ತು ಮೇವು ಸರಿಯಿದ್ದರೆ ಮಿಕ್ಕ ಮಾತು ಸಣ್ಣದಾಗುತ್ತದೆ.

ಹಾಗಾದರೆ ಬೇಡದ ಹೊದಿಕೆಯಿಂದ ಏನು ಕೇಡು, ಇದ್ದರೆ ಇರಲಿ ಎನ್ನಬಹುದು. ಕೇಡು ಉಂಟು. ಸೆಕೆಯಾದರೆ ನಾವು ಶಾಲನ್ನು ಜಾರಿಸುತ್ತೇವೆ. ಕುದುರೆಯು ಬಕಲನ್ನು ಬಿಚ್ಚಲಾರದು, ಬೆವರುವುದೊಂದೇ ಅದಕ್ಕಿರುವ ದಾರಿ, ಆ ಬೆವರೂ ಆರುವುದಕ್ಕೆ ಎಡೆಯಿಲ್ಲದೆ ಚರ್ಮದ ಮೇಲೆಯೇ ನಿಲ್ಲುತ್ತದೆ. ಹೀಗೆ ನೆನೆದ ಚರ್ಮದ ಮೇಲೆ ಹಕ್ಕಳೆಗಟ್ಟುವ ಹುಣ್ಣುಗಳನ್ನು ಉಂಟುಮಾಡುವ ಸೂಕ್ಷ್ಮಜೀವಿಗಳು ನೆಲೆಯೂರುತ್ತವೆ. ಸದಾ ಹೊದ್ದಿರುವ ಕುದುರೆ ಮೈಯ ಕೊಬ್ಬನ್ನು ಕರಗಿಸಿಕೊಂಡು ಕಾವು ಮಾಡಿಕೊಳ್ಳುವ ಸಹಜಕ್ರಮವೂ ತಪ್ಪಿ ಹೋಗುತ್ತದೆ. ಇಂಗ್ಲೆಂಡಿನ ಪಶುವೈದ್ಯರು ಈಗ ಮನೆಮನೆಯ ದಪ್ಪಕುದುರೆಗಳನ್ನು ಕಂಡು, ಚಳಿಗಾಲದಲ್ಲಿ ರಜಾಯಿ ತೆಗೆಯಿರಿ, ಸ್ವಲ್ಪ ಬಡವಾಗಲು ಬಿಡಿ ಎಂದು ಒಡೆಯರಿಗೆ ಬುದ್ಧಿ ಹೇಳಬೇಕಾಗಿ ಬಂದಿದೆ, ಏಕೆಂದರೆ ಕೊಬ್ಬಿದ ಕುದುರೆಗೆ ಗೊರಸಿನೊಳಗಿನ ಉರಿಯೂತದ ಅಪಾಯ ಹೆಚ್ಚು. ತೆಳ್ಳನೆಯದನ್ನು ಹೊದಿಸಿದರೆ ಬಾಧೆಯಿಲ್ಲವೆಂದೂ ಹೇಳಲಾಗದು. ರೋಮ ದಟ್ಟವಾಗಿರುವ ಕುದುರೆಯ ಮೇಲೆ ತೆಳುಬಟ್ಟೆ ಹಾಕಿದರೆ, ನಿಲ್ಲಬೇಕಾದ ರೋಮ ಅದರ ಭಾರಕ್ಕೆ ಮಲಗಿ, ಗಾಳಿಯ ಪದರ ಚಪ್ಪಟೆಯಾಗಿ, ಇದ್ದ ಬೆಚ್ಚನೆಯೂ ಹೋಗುವ ಸಂಭವವುಂಟು.

ಇಷ್ಟು ಹೇಳಿದ ಮೇಲೆ, ಹೊದಿಕೆ ಬೇಕೇಬೇಕಾದ ಸಂದರ್ಭಗಳನ್ನೂ ಒಪ್ಪಿಕೊಳ್ಳದಿದ್ದರೆ ನನ್ನದು ಹಟವಾದೀತು. ಕುದುರೆಗೆ ಶತ್ರು ಚಳಿಯಲ್ಲ, ಮಳೆ. ಅದರಲ್ಲಿಯೂ ಗಾಳಿ ಕೂಡಿದ ಮಳೆ. ನೆನೆದ ರೋಮ ಮೈಗಂಟಿಕೊಂಡು ಗಾಳಿಯ ಪದರವೇ ಇಲ್ಲದಂತಾಗುತ್ತದೆ. ಹತ್ತು ಡಿಗ್ರಿಯ ಜಡಿಮಳೆಯಲ್ಲಿ ಬಯಲಿಗೆ ಕಟ್ಟಿದ ಕುದುರೆ, ಸೊನ್ನೆ ಡಿಗ್ರಿಯ ಒಣಹವೆಯಲ್ಲಿ ನಿಂತ ಕುದುರೆಗಿಂತ ಹೆಚ್ಚು ನಡುಗುವುದು ಇದರಿಂದಲೇ. ವಯಸ್ಸಾದದ್ದು, ಪಕ್ಕೆ ಎಣಿಸುವಂತೆ ಬಡಕಲಾದದ್ದು, ಕಾಯಿಲೆಯಿಂದ ಎದ್ದದ್ದು, ಎಳೆಯ ಮರಿ, ಇವಕ್ಕೆ ಕಾವು ಹಿಡಿದಿಡುವ ಶಕ್ತಿ ಸಾಲದು. ಕೆಲಸದಲ್ಲಿ ಬೆವರಬಾರದೆಂದು ರೋಮವನ್ನು ಯಂತ್ರದಿಂದ ಕತ್ತರಿಸಿದ ಕುದುರೆಗೆ, ನಾವು ಕಿತ್ತುಕೊಂಡದ್ದನ್ನು ನಾವೇ ಕೊಡುವುದು ನ್ಯಾಯ. ಬೆಂಗಳೂರಿನಲ್ಲಿ ಬೆಳೆದು ಪಂದ್ಯಕ್ಕೆಂದು ದೆಹಲಿಗೆ ಲಾರಿಯಲ್ಲಿ ಹೋದ ಕುದುರೆಯೂ, ನಾಲ್ಕೈದು ಡಿಗ್ರಿಗೆ ಇಳಿಯುವ ಅಲ್ಲಿಯ ಜನವರಿಗೆ ಒಗ್ಗುವ ತನಕ, ಎಂದರೆ ಎರಡು ಮೂರು ವಾರ, ಹೊದಿಕೆಗೆ ಹಕ್ಕುಳ್ಳದ್ದೇ.

ಇವೆಲ್ಲಕ್ಕಿಂತಲೂ ನಮ್ಮ ಸೀಮೆಗೆ ಹೆಚ್ಚು ಸಲ್ಲುವ ಇನ್ನೊಂದು ಸಂದರ್ಭವಿದೆ. ಅದನ್ನು ಹೇಳುವುದಕ್ಕೆ ಒಂದು ಇಂಗ್ಲಿಷ್ ಕಾದಂಬರಿಯ ನೆನಪು ಬೇಕು. ಆನಾ ಸೂಯೆಲ್ ಎಂಬಾಕೆ ಬರೆದು 1877ರಲ್ಲಿ ಪ್ರಕಟವಾದ "ಬ್ಲ್ಯಾಕ್ ಬ್ಯೂಟಿ" ಎಂಬ ಆ ಪುಸ್ತಕದಲ್ಲಿ ಕುದುರೆಯೇ ತನ್ನ ಕಥೆಯನ್ನು ಹೇಳಿಕೊಳ್ಳುತ್ತದೆ. ಮನೆಯೊಡತಿಗೆ ನಡುರಾತ್ರಿ ಪ್ರಾಣಸಂಕಟ. ವೈದ್ಯನನ್ನು ಕರೆತರಲು ಅದು ಎಂಟು ಮೈಲಿ ನಾಗಾಲೋಟದಲ್ಲಿ ಓಡಿ, ವೈದ್ಯನನ್ನೇ ಹೊತ್ತು ಮರಳಿ ಓಡಿಬರುತ್ತದೆ. ಮೈಯಿಂದ ಬೆವರು ಸುರಿಯುತ್ತ, ಕಾಲು ನಡುಗುತ್ತ ಲಾಯಕ್ಕೆ ಬಂದ ಅದನ್ನು ನೋಡಿಕೊಳ್ಳಲು ಅಲ್ಲಿದ್ದವನು ಜೋ ಗ್ರೀನ್ ಎಂಬ ಹೊಸ ಹುಡುಗ. ಹುಡುಗ ಕೆಟ್ಟವನಲ್ಲ, ಕುದುರೆಯ ಮೇಲೆ ಅಕ್ಕರೆಯುಳ್ಳವನು. ಕಾಲನ್ನೂ ಎದೆಯನ್ನೂ ಉಜ್ಜುತ್ತಾನೆ, ಕುಡಿಯಲು ಬಕೆಟ್ಟಿನ ತುಂಬ ತಣ್ಣೀರು ಕೊಡುತ್ತಾನೆ, ಇಷ್ಟು ಬಿಸಿಯಾಗಿರುವ ಮೈಗೆ ಕಂಬಳಿ ಹಿತವಾಗದೆಂದು ಭಾವಿಸಿ ಹೊದಿಸದೆಯೇ ಮಲಗಲು ಹೋಗುತ್ತಾನೆ. ಸ್ವಲ್ಪ ಹೊತ್ತಿನಲ್ಲಿಯೇ ಬೆವರು ಆರುತ್ತ ಆರುತ್ತ ಕುದುರೆಗೆ ಚಳಿ ಹತ್ತಿ, ಶ್ವಾಸಕೋಶಕ್ಕೆ ಉರಿಯೂತ ತಗುಲಿ, ಅದು ಸಾವಿನ ಬಾಗಿಲವರೆಗೆ ಹೋಗಿ ಬರುತ್ತದೆ. ತಣ್ಣೀರಿನ ವಿಷಯದಲ್ಲಿ ಇಂದಿನ ವೈದ್ಯರು ಆಕೆಯಷ್ಟು ಕಟ್ಟುನಿಟ್ಟಲ್ಲವಾದರೂ, ಹೊದಿಕೆಯ ವಿಷಯದಲ್ಲಿ ಲೇಖಕಿ ಹೇಳಿದ್ದು ಈಗಲೂ ಸತ್ಯ. ನೀಲಿ ರಜಾಯಿಯ ಯಜಮಾನರೂ ಜೋ ಗ್ರೀನನೂ ಒಂದೇ ತಪ್ಪಿನ ಎರಡು ಮುಖಗಳೆಂದು ನನಗೆ ತೋರುತ್ತದೆ: ತನಗೆ ಚಳಿಯಾಯಿತೆಂದು ಒಬ್ಬರು ಹೊದಿಸಿದರು, ತನಗೆ ಸೆಕೆಯಾದಾಗ ಕಂಬಳಿ ಬೇಡವಾಗುತ್ತದೆಂದು ಇನ್ನೊಬ್ಬ ಹೊದಿಸದೆ ಬಿಟ್ಟ.

ನಮ್ಮ ಸವಾರಿ ಶಾಲೆಗಳಲ್ಲಿ ಬೆಳಗಿನ ಪಾಠ ಮುಗಿದು ಜೀನು ಇಳಿಸಿದೊಡನೆ ಕುದುರೆಯನ್ನು ಮರದ ನೆರಳಿಗೆ ಕಟ್ಟಿ ಚಹಾಕ್ಕೆ ಹೋಗುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಬೆನ್ನಿನ ಮೇಲೆ ಜೀನಿನ ಆಕಾರದಲ್ಲಿಯೇ ಬೆವರಿನ ಪಟ್ಟೆ, ಅದರ ಮೇಲೆ ಹಾಯುವ ಪುಷ್ಯಮಾಸದ ಗಾಳಿ! ಇಡೀ ರಾತ್ರಿ ರಜಾಯಿ ಹೊದ್ದಿದ್ದ ಕುದುರೆಗೆ, ಹೊದಿಕೆ ನಿಜವಾಗಿ ಬೇಕಾದ ಆ ಅರ್ಧಗಂಟೆಯಲ್ಲಿ, ಅದು ಇಲ್ಲ. ಆಗ ಬೇಕಾದದ್ದು ದಪ್ಪನೆಯದಲ್ಲ. ಬೆವರನ್ನು ಹೀರಿ ಹೊರಕ್ಕೆ ಬಿಡುವ ತೆಳುವಾದ ಉಣ್ಣೆಯ ಇಲ್ಲವೆ ಜಾಲರಿ ನೇಯ್ಗೆಯ ಬಟ್ಟೆ. ಹಳೆಯ ಇಂಗ್ಲಿಷ್ ಲಾಯಗಳಲ್ಲಿ ಒದ್ದೆ ಕುದುರೆಯ ಬೆನ್ನಿನ ಮೇಲೆ ಒಣಹುಲ್ಲನ್ನು ಹರಡಿ, ಅದರ ಮೇಲೆ ಸೆಣಬಿನ ತಟ್ಟನ್ನು ಮಗುಚಿ ಹಾಕಿ, ಒಳಗೆ ಗಾಳಿಯಾಡುತ್ತ ಒಣಗುವಂತೆ ಮಾಡುತ್ತಿದ್ದರು. ಗೋಣಿಯನ್ನು ಕುದುರೆಗೆ ಹೊದಿಸುವುದು ನಮ್ಮ ಬಡತನದ ಗುರುತೆಂದು ನಾಚಬೇಕಾದದ್ದಿಲ್ಲ. ಬಂಗಾಳದ ಸೆಣಬು ಹಡಗಿನಲ್ಲಿ ಸ್ಕಾಟ್ಲೆಂಡಿನ ಡಂಡೀ ಪಟ್ಟಣಕ್ಕೆ ಹೋಗಿ ನೇಯ್ಗೆಯಾಗುತ್ತಿದ್ದ ಕಾಲದಲ್ಲಿ, ಒಳಗೆ ಉಣ್ಣೆ ಹೊಲಿದ ಸೆಣಬಿನ ಹೊದಿಕೆಯೇ ಅಲ್ಲಿಯ ಶ್ರೀಮಂತರ ಲಾಯಗಳಲ್ಲಿ ರಾತ್ರಿಯ ಉಡುಪಾಗಿತ್ತು.

ಇನ್ನು ಕೊಳ್ಳುವುದೇ ಆದರೆ. ಚಿತ್ರಪಟ್ಟಿಯಲ್ಲಿ 50 ಗ್ರಾಂ, 200 ಗ್ರಾಂ, 400 ಗ್ರಾಂ ಎಂದು ಬರೆದಿರುವುದನ್ನು ಹೊದಿಕೆಯ ತೂಕವೆಂದು ತಿಳಿದು, "ಇಷ್ಟು ಹಗುರವೇ, ದೊಡ್ಡದನ್ನೇ ಕೊಡಿ" ಎಂದವರನ್ನು ನಾನು ಬಲ್ಲೆ. ಅದು ಒಂದು ಚದರ ಮೀಟರಿಗೆ ಒಳಗೆ ತುಂಬಿದ ಅರಳೆಯ ತೂಕ. 400 ಎಂದರೆ ಹಿಮ ಬೀಳುವ ದೇಶದಲ್ಲಿ ರೋಮ ಕತ್ತರಿಸಿಕೊಂಡ ಕುದುರೆಯ ಮಾತು. ಡೀನಿಯರ್ ಎಂಬ ಇನ್ನೊಂದು ಅಂಕಿ ಬರುತ್ತದೆ, 600 ಎಂದೂ 1200 ಎಂದೂ. ಅದು ಮೇಲುಬಟ್ಟೆಯ ನೂಲಿನ ದಪ್ಪವನ್ನು, ಎಂದರೆ 9000 ಮೀಟರು ನೂಲು ಎಷ್ಟು ಗ್ರಾಂ ತೂಗುವುದೆಂಬುದನ್ನು ಹೇಳತಕ್ಕದ್ದು, ಬೆಚ್ಚನೆಗೂ ಅದಕ್ಕೂ ಸಂಬಂಧವಿಲ್ಲ. ಪಕ್ಕದ ಕುದುರೆ ಕಚ್ಚಿ ಎಳೆದರೆ ಹರಿಯುವುದೋ ಇಲ್ಲವೋ ಎಂಬುದನ್ನು ಮಾತ್ರ ಅದರಿಂದ ತಿಳಿಯಬಹುದು. ಲಾಯದೊಳಗಿನ ಹೊದಿಕೆ ಬೇರೆ, ಬಯಲಿನದು ಬೇರೆ. ಒಳಗಿನದಕ್ಕೆ ನೀರು ತಡೆಯುವ ಗುಣವಿಲ್ಲದ್ದರಿಂದ ಅದನ್ನು ಹೊದಿಸಿ ಮಳೆಗೆ ಬಿಟ್ಟರೆ, ನೆಂದ ಹಾಸಿಗೆಯನ್ನು ಬೆನ್ನಿಗೆ ಕಟ್ಟಿದಂತೆ. ಮಳೆನಾಡಿನವರು ಕೊಳ್ಳಬೇಕಾದದ್ದು ನೀರು ಒಳಗೆ ಬಿಡದೆ ಬೆವರಿನ ಹಬೆಯನ್ನು ಹೊರಗೆ ಬಿಡುವ, ಒಳಗೆ ಅರಳೆ ತುಂಬದ ಬರಿಯ ಮಳೆಹೊದಿಕೆಯನ್ನು. ನಮ್ಮಲ್ಲಿ ಅದಕ್ಕಿಂತ ಹೆಚ್ಚಿನದನ್ನು ಬೇಡುವ ಕುದುರೆ ಅಪರೂಪ.

ಅಳತೆಯ ವಿಷಯದಲ್ಲಿ ಉಪದೇಶಕ್ಕೆ ಬದಲು ನನ್ನದೇ ತಪ್ಪನ್ನು ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ಕೊಡಗಿನಲ್ಲಿ ಕೆಲಸದ ಮೇಲಿದ್ದಾಗ ನನ್ನ ಬಳಿ ಕಂದುಬಣ್ಣದ ಒಂದು ಹೆಣ್ಣುಕುದುರೆಯಿತ್ತು. ಆಷಾಢದ ಮಳೆಗೆಂದು ಅದಕ್ಕೊಂದು ಹೊದಿಕೆ ತರಿಸಲು, ಟೇಪು ಹಿಡಿದು, ಕತ್ತಿನ ಬುಡದಿಂದ ಬಾಲದ ಬುಡದವರೆಗೆ ಬೆನ್ನಿನ ಮೇಲೆಯೇ ಅಳೆದು ಬರೆದು ಕಳುಹಿಸಿದೆ. ಅಳೆಯಬೇಕಾದದ್ದು ಪಕ್ಕದಿಂದ, ಎದೆಯ ನಟ್ಟನಡುವಿನಿಂದ ಭುಜದ ಉಬ್ಬಿನ ಮೇಲೆ ಹಾದು ಹಿಂತೊಡೆಯ ಕೊನೆಯವರೆಗೆ, ಎಂಬುದು ಆಗ ನನಗೆ ಯಾರೂ ಹೇಳಿರಲಿಲ್ಲ, ನಾನು ಕೇಳಲೂ ಇಲ್ಲ. ಬಂದದ್ದು ಗೇಣುದ್ದ ಗಿಡ್ಡ. ಇರಲಿ, ಸಾಕಾಗುತ್ತದೆ ಎಂದುಕೊಂಡು ಬಿಗಿಸಿದೆ. ಅದು ನಡೆದಾಗಲೆಲ್ಲ ಹೊದಿಕೆ ಹಿಂದಕ್ಕೆ ಜಗ್ಗಿ, ಎದೆಯ ಪಟ್ಟಿ ಭುಜಗಳನ್ನು ಉಜ್ಜುತ್ತ, ಮೇಲಂಚು ಕತ್ತು ಬೆನ್ನು ಕೂಡುವೆಡೆಯ ಎಲುಬಿನ ದಿಬ್ಬವನ್ನು ಒತ್ತುತ್ತ ಹೋಯಿತು. ಹತ್ತು ದಿನ ಕಳೆದು ಬಿಚ್ಚಿ ನೋಡಿದಾಗ ಎರಡು ಭುಜಗಳ ಮೇಲೂ ಅಂಗೈಯಗಲ ರೋಮ ಸವೆದು ಬರಿಯ ಚರ್ಮ ಹೊಳೆಯುತ್ತಿತ್ತು, ದಿಬ್ಬದ ಮೇಲೆ ಹಸಿಗಾಯ. ಗಾಯವೇನೋ ಮಾಯಿತು, ಆದರೆ ಆ ಜಾಗದಲ್ಲಿ ಕಂದು ರೋಮ ಮತ್ತೆ ಹುಟ್ಟಲಿಲ್ಲ, ರೂಪಾಯಿಯಗಲದ ಬಿಳಿಯ ಕೂದಲು ಹುಟ್ಟಿ ಅದು ಸಾಯುವವರೆಗೂ ಹಾಗೆಯೇ ಇತ್ತು. ಹೊದಿಕೆಯನ್ನು ದಿನಕ್ಕೊಮ್ಮೆಯಾದರೂ ಪೂರ್ತಿ ತೆಗೆದು ಮೈ ಉಜ್ಜಿ ನೋಡದವನು ಅದನ್ನು ಹೊದಿಸಲೇಬಾರದೆಂದು ನಾನು ಕಲಿತದ್ದು ಆ ಬಿಳಿಯ ಮಚ್ಚೆಯಿಂದ.

ಕುದುರೆಯ ಚರ್ಮವನ್ನು ಕೇಳಬೇಕು ಎಂದೆನಲ್ಲ, ಅದನ್ನು ಅಕ್ಷರಶಃ ಕೇಳಿದವರೂ ಇದ್ದಾರೆ. ನಾರ್ವೆ ದೇಶದ ಪಶುವೈದ್ಯ ಸಂಸ್ಥೆಯ ಸೆಸಿಲಿಯೆ ಮೈಡೆಲ್ ಎಂಬ ವಿದುಷಿಯೂ ಆಕೆಯ ಸಂಗಡಿಗರೂ 23 ಕುದುರೆಗಳಿಗೆ ಮೂರು ಬಿಳಿಯ ಫಲಕಗಳ ಅರ್ಥವನ್ನು ಕಲಿಸಿದರು: ಅಡ್ಡಗೆರೆಯ ಫಲಕವನ್ನು ಮೂತಿಯಿಂದ ಮುಟ್ಟಿದರೆ ಹೊದಿಕೆ ಹಾಕುತ್ತಾರೆ, ನೆಟ್ಟಗೆರೆಯದನ್ನು ಮುಟ್ಟಿದರೆ ತೆಗೆಯುತ್ತಾರೆ, ಏನೂ ಬರೆಯದ ಫಲಕವನ್ನು ಮುಟ್ಟಿದರೆ ಇದ್ದಂತೆಯೇ ಬಿಡುತ್ತಾರೆ. ದಿನಕ್ಕೆ ಕೆಲವೇ ನಿಮಿಷಗಳ ಪಾಠ. ಎರಡು ವಾರದೊಳಗೆ ಇಪ್ಪತ್ತಮೂರೂ ಕಲಿತವು. ಬಳಿಕ ಬೇರೆ ಬೇರೆ ಹವೆಯ ದಿನಗಳಲ್ಲಿ ಅವುಗಳ ಇಷ್ಟವನ್ನು ಕೇಳಲಾಗಿ, ಬಿಸಿಲು ಹಿತವಾಗಿದ್ದ ದಿನ ಹೊದಿಕೆ ಬೇಡವೆಂದವು, ಮಳೆಗಾಳಿಯ ಥಂಡಿ ದಿನ ಬೇಕೆಂದವು. 2016ರಲ್ಲಿ ಈ ಪ್ರಯೋಗದ ವರದಿ ಪ್ರಕಟವಾಯಿತು. ಕುದುರೆಗಳು ಎಷ್ಟು ಜಾಣ ಎಂದು ಲೋಕವೆಲ್ಲ ಬೆರಗಾಯಿತು. ಸಾವಿರಾರು ವರ್ಷ ಜೊತೆಯಲ್ಲಿ ಬದುಕಿದ ಮೇಲೆ ಈ ಸರಳ ಪ್ರಶ್ನೆಯನ್ನು ನಾವು ಈಗ ಕೇಳಿದೆವಲ್ಲ ಎಂದು ನನಗೆ ಬೆರಗು. ನಮ್ಮ ಲಾಯಗಳಲ್ಲಿ ಫಲಕಗಳಿಲ್ಲದಿದ್ದರೂ ಕೈಯಂತೂ ಇದೆ. ಕಿವಿಯನ್ನೋ ಕಾಲನ್ನೋ ಮುಟ್ಟಿ ತೀರ್ಮಾನಿಸದೆ, ಹೊದಿಕೆಯ ಒಳಗೆ ಭುಜದ ಹಿಂಭಾಗದಲ್ಲಿ ಅಂಗೈಯಿಟ್ಟು ನೋಡಬೇಕು. ಬೆಚ್ಚಗೆ ಒಣಗಿದ್ದರೆ ಸರಿ, ಬಿಸಿಯಾಗಿಯೋ ತೇವವಾಗಿಯೋ ಇದ್ದರೆ ತೆಗೆಯಬೇಕು, ತಣ್ಣಗಿದ್ದು ಮೈ ನಡುಗುತ್ತಿದ್ದರೆ ಇನ್ನೊಂದು ಹಾಕಬೇಕು. ಆ ಮುದಿ ಸಾಹೇಬರು ದಿನವೂ ಹೀಗೆ ಕೈಯಿಟ್ಟು ನೋಡುತ್ತಿದ್ದರು. ತೆಗೆಯುವ ಅಧಿಕಾರ ಮಾತ್ರ ಅವರಿಗಿರಲಿಲ್ಲ. ಕುದುರೆಯ ಮೈ ಬಲ್ಲವನ ಕೈಗೆ ಆ ಅಧಿಕಾರವನ್ನು ಕೊಡುವುದು, ನನ್ನ ಮಟ್ಟಿಗೆ, ಯಾವ ರಜಾಯಿಗಿಂತಲೂ ದೊಡ್ಡ ಉಪಕಾರ.

ವಿದೇಶದ ಪಟ್ಟಿಯನ್ನು ತಿರುವಿಹಾಕುವ ಮುನ್ನ ಚಳ್ಳಕೆರೆಯ ಕಡೆಗೊಮ್ಮೆ ನೋಡಬಾರದೇಕೆ ಎಂಬ ಪ್ರಶ್ನೆಯೂ ನನ್ನನ್ನು ಬಿಟ್ಟಿಲ್ಲ. ಅಲ್ಲಿಯ ಕುರುಬ ನೇಕಾರರು ದಖ್ಖನಿ ಕುರಿಯ ಒರಟು ಉಣ್ಣೆಯನ್ನು ನೂತು, ಹಾಸುನೂಲಿಗೆ ಹುಣಸೆಬೀಜದ ಸರಿಯನ್ನು ಉಣಿಸಿ, ಗುಳಿಮಗ್ಗದಲ್ಲಿ ನೇಯುವ ಕರಿಯ ಕಂಬಳಿ ಮಳೆಹನಿಯನ್ನು ಬಹಳ ಹೊತ್ತು ಮೇಲೆಯೇ ತಡೆಯುತ್ತದೆ. ಉಣ್ಣೆಯು ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಯೂ ಮುಟ್ಟಿದರೆ ಒದ್ದೆಯೆನಿಸದು. ನೈಲಾನಿನಿಂದ ಇದು ಸಾಧ್ಯವಿಲ್ಲ. ಮಲೆನಾಡಿನವರು ಕಂಬಳಿಕೊಪ್ಪೆ ಹಾಕಿಕೊಂಡು ಇಡೀ ದಿನ ನಾಟಿ ಮಾಡುವುದನ್ನು ಕಂಡವರಿಗೆ ಇದರ ಗುಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ದೋಷವೂ ಉಂಟು: ಪೂರ್ತಿ ನೆನೆದರೆ ಹೆಣಭಾರ, ಒರಟು ನೂಲು ಭುಜವನ್ನು ಉಜ್ಜುತ್ತದೆ, ಪಟ್ಟಿಯಿಲ್ಲದೆ ನಿಲ್ಲದು. ಒಳಗೆ ಭುಜದ ಕಡೆ ಮೆತ್ತನೆಯ ಹತ್ತಿಬಟ್ಟೆಯನ್ನೂ ಎದೆಗೂ ಹೊಟ್ಟೆಗೂ ಪಟ್ಟಿಯನ್ನೂ ಹೊಲಿಸಿಕೊಟ್ಟರೆ, ಬೆವರಿದ ಕುದುರೆಯನ್ನು ಆರಿಸುವುದಕ್ಕೆ ಇದಕ್ಕಿಂತ ಒಳ್ಳೆಯದು ದೊರೆಯದು. ನಾನು ಎರಡು ಹೊಲಿಸಿ ನೋಡಿದ್ದೇನೆ, ಒಂದು ಈಗಲೂ ಆ ಸಾಹೇಬರ ಬಳಿ ಇದೆ.

ಕೊನೆಯದಾಗಿ, "ಬೇಕು" ಎನ್ನುವ ಕುದುರೆಗಳ ಮಾತು. ಕಳೆದ ಶ್ರಾವಣದಲ್ಲಿ ಊಟಿಗೆ ಹೋಗಿದ್ದೆ. ಕೆರೆಯ ದಂಡೆಯಲ್ಲಿ ಮಕ್ಕಳನ್ನು ಹತ್ತಿಸಿಕೊಂಡು ಒಂದು ಸುತ್ತು ಹಾಕುವ ತಟ್ಟುಗಳು ಜಡಿಮಳೆಯಲ್ಲಿ ಗಿರಾಕಿಯಿಲ್ಲದೆ, ಗಾಳಿಗೆ ಬೆನ್ನುಕೊಟ್ಟು, ಬಾಲವನ್ನು ತೊಡೆಗಳ ನಡುವೆ ಒತ್ತಿಕೊಂಡು ನಿಂತಿದ್ದವು. ಅಯಾಲಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದರ ಮೇಲೆ ಮಾತ್ರ ಅದರ ಹುಡುಗ ಹರಿದ ಗೋಣಿಯನ್ನೂ ಅದರ ಮೇಲೆ ರಸಗೊಬ್ಬರದ ಪ್ಲಾಸ್ಟಿಕ್ ಚೀಲವನ್ನೂ ಹೊದಿಸಿ ಬಾಳೆನಾರಿನಿಂದ ಕಟ್ಟಿದ್ದ; ತಾನು ನೆನೆಯುತ್ತಿದ್ದ. ರಾತ್ರಿಯಾದರೆ ಇಂತಹವುಗಳಲ್ಲಿ ಎಷ್ಟೋ ಬೀದಿಗೆ ಬಿಟ್ಟವು, ಕಸದ ತೊಟ್ಟಿಯ ಬಳಿ ಕಾಣಸಿಗುತ್ತವೆ; ಪುಷ್ಯಮಾಘಗಳಲ್ಲಿ ಅಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಮೈಸೂರಿನಲ್ಲಿ ಉಳಿದಿರುವ ಟಾಂಗಾ ಕುದುರೆಗಳು ಮಳೆಗಾಲದಲ್ಲಿ ನಿಲ್ಲುವ ಪರಿಯೂ ಹೆಚ್ಚು ಬೇರೆಯಲ್ಲ. ಇವುಗಳಿಗೆ ಮೊದಲು ಬೇಕಾದದ್ದು ಒಂದು ಮಾಡು, ಗಾಳಿ ಬರುವ ಕಡೆಗೆ ಒಂದು ಗೋಡೆ, ಹೊಟ್ಟೆಗೆ ಒಣಹುಲ್ಲು. ಇಷ್ಟನ್ನು ಒದಗಿಸುವುದು ಆಯಾ ಊರಿನ ನಗರಸಭೆಗಳಿಗೆ ಅಸಾಧ್ಯವಾದ ಖರ್ಚಲ್ಲ. ಅದಾದ ಮೇಲೆ ಹೊದಿಕೆ.

ನೀಲಿ ರಜಾಯಿಯ ಯಜಮಾನರು ಈ ಪತ್ರಿಕೆಯನ್ನು ಓದುವವರೇ ಎಂದು ಸಾಹೇಬರು ಹೇಳಿದ್ದರಿಂದ ಅವರಲ್ಲಿ ಒಂದು ಬಿನ್ನಹ. ತಮ್ಮ ಕುದುರೆ ಆರೋಗ್ಯವಾಗಿದೆ, ಲಾಯಕ್ಕೆ ನಾಲ್ಕು ಗೋಡೆಯಿದೆ, ಮುಂದೆ ಹುಲ್ಲಿದೆ; ರಜಾಯಿಯನ್ನು ಬಿಚ್ಚಿ, ಒಗೆಸಿ, ಮಳೆಗೆ ತಡೆಯುವಂತಹದಾಗಿದ್ದರೆ ಊಟಿಯ ಯಾವನಾದರೂ ತಟ್ಟಿನವನಿಗೆ ಕೊಟ್ಟುಬಿಡಿ. ಕೊಡುವ ಮುಂಚೆ ದರ್ಜಿಯ ಹತ್ತಿರ ಒಂದೂವರೆ ಅಡಿ ಕತ್ತರಿಸಿ ಅಂಚು ಹೊಲಿಸಬೇಕಾದೀತು; ಅಲ್ಲಿಯ ಕುದುರೆಗಳು ಗಿಡ್ಡ, ಆರಡಿಯ ರಜಾಯಿ ನೆಲ ಗುಡಿಸುತ್ತದೆ.